ಕೇಳಿ, ಹೇಳ್ತೀನಿ: ಕ್ಯಾಟ್ ಬರೆಯೋರ ಪ್ರಶ್ನೆಗಳು

ಪ್ರಶ್ನೆ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ಮನೆ ಕೆಂಗೇರಿ, ಆಫೀಸು ವೈಟ್‌ಫೀಲ್ಡ್. ಮನೆ ಸೇರುವಾಗ ರಾತ್ರಿ ಎಂಟೂವರೆ ಆಗಿರುತ್ತದೆ. ಈ ಸಲ ಎಂಬಿಎ ಸೀಟಿಗಾಗಿ ಕ್ಯಾಟ್ ಪ್ರವೇಶ ಪರೀಕ್ಷೆ ಬರೆಯುವ ಆಸೆ. ಲೆಕ್ಕ ಪರವಾಗಿಲ್ಲ, ಇಂಗ್ಲಿಷ್ ಅಂದರೆ ಕೈಕಾಲು ನಡುಗುತ್ತದೆ. ಕಷ್ಟದ ಪದಗಳ ಪಟ್ಟಿ ತಂದು ಬಾಯಿಪಾಠ ಮಾಡುತ್ತಿದ್ದೇನೆ. ಕೋಚಿಂಗ್‌ಗೂ ಸೇರಲೇ?
– ಓದುಗಿ, ಕೆಂಗೇರಿ

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಕ್ಯಾಟ್‌ನಲ್ಲಿ ಈಗ ಪದದ ಅರ್ಥವನ್ನು ನೇರವಾಗಿ ಕೇಳುವುದಿಲ್ಲ. 2024ರಲ್ಲಿ ಇಂಗ್ಲಿಷ್ ವಿಭಾಗದಲ್ಲಿ 24 ಪ್ರಶ್ನೆ ಇದ್ದವು. ಅದರಲ್ಲಿ 16 ಬಂದಿದ್ದು ನಾಲ್ಕು ಪ್ಯಾಸೇಜ್‌ಗಳ ಮೇಲೆ. ಮಿಕ್ಕ 8ರಲ್ಲಿ ಚೆಲ್ಲಾಪಿಲ್ಲಿಯಾದ ವಾಕ್ಯ ಜೋಡಿಸುವುದು, ಸರಿಯಾದ ಸಾರಾಂಶ ಆರಿಸುವುದು, ಇಂಥವೇ. ಅಂದರೆ ಅವರು ನೋಡುವುದು ಇಷ್ಟು: ಬರೆದವರು ಏನು ವಾದ ಮಾಡುತ್ತಿದ್ದಾರೆ, ಎಲ್ಲಿ ಒಪ್ಪುತ್ತಾರೆ, ಎಲ್ಲಿ ತಿರುಗಿ ಬೀಳುತ್ತಾರೆ. ಕನ್ನಡ ಪತ್ರಿಕೆಯ ಸಂಪಾದಕೀಯ ಓದಿ ಅಪ್ಪನ ಹತ್ತಿರ ವಾದಕ್ಕೆ ಇಳಿದವರಿಗೆ ಈ ಬುದ್ಧಿ ಆಗಲೇ ಇರುತ್ತದೆ. ನಿಮಗೆ ಬೇಕಿರುವುದು ಇಂಗ್ಲಿಷ್ ಓದುವ ರೂಢಿ.

ಅದಕ್ಕೆ ಮೆಟ್ರೊದ ನೇರಳೆ ಮಾರ್ಗ ಇದೆಯಲ್ಲ. ಚಲ್ಲಘಟ್ಟ ಬಿಟ್ಟರೆ ಕೆಂಗೇರಿಯೇ. ಬೆಳಿಗ್ಗೆ ಸೀಟು ಸಿಗುತ್ತದೆ, ಮೆಜೆಸ್ಟಿಕ್ ಬಂದ ಮೇಲೆ ಜನ ಮೈಮೇಲೆ ಬೀಳುತ್ತಾರೆ. ಹಾಗಾಗಿ ಮೆಜೆಸ್ಟಿಕ್‌ವರೆಗೆ ಒಂದು ದೊಡ್ಡ ಲೇಖನ ಓದಿ. ನಿಮಗೆ ಇಷ್ಟವಿಲ್ಲದ ವಿಷಯವೇ ಇರಲಿ: ತತ್ವಶಾಸ್ತ್ರ, ಕಡಲ ಜೀವಿಗಳು, ಯಾವುದೋ ದೇಶದ ಹಳೇ ಇತಿಹಾಸ. ಪರೀಕ್ಷೆಯಲ್ಲಿ ಬರುವುದೂ ಇಂಥವೇ. ಮುಗಿದ ಮೇಲೆ ಫೋನ್ ಒಳಗಿಟ್ಟು, ಲೇಖನದ ಒಟ್ಟು ಮಾತನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಹೌದು, ಕನ್ನಡದಲ್ಲೇ. ಇಂಗ್ಲಿಷ್‌ನಲ್ಲಾದರೆ ಅವರದೇ ಪದಗಳನ್ನು ತಿರುವಿ ಹಾಕಿ ಅರ್ಥವಾಯಿತು ಅಂದುಕೊಂಡುಬಿಡುತ್ತೇವೆ. ಕನ್ನಡದಲ್ಲಿ ಆ ಆಟ ನಡೆಯುವುದಿಲ್ಲ.

ಕೋಚಿಂಗ್ ವಿಷಯ. ಎಂಟೂವರೆಗೆ ಮನೆ ಸೇರಿ ಆಮೇಲೆ ಆನ್‌ಲೈನ್ ಕ್ಲಾಸಿಗೆ ಕೂತರೆ ತೂಕಡಿಕೆ ಒಂದೇ ಲಾಭ. ಅರವತ್ತು ಎಪ್ಪತ್ತು ಸಾವಿರ ಸುರಿಯುವ ಮೊದಲು ಕ್ಯಾಟ್‌ನ ಅಧಿಕೃತ ಜಾಲತಾಣದಲ್ಲಿರುವ ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡಿ. ಮಾಕ್ ಟೆಸ್ಟ್‌ಗಳ ಒಂದು ಸರಣಿ ಮಾತ್ರ ಕೊಂಡುಕೊಳ್ಳಿ, ಅದು ಬೇಕೇ ಬೇಕು. ಲೆಕ್ಕಕ್ಕೆ ಅವೆನ್ಯೂ ರಸ್ತೆಯ ಸೆಕೆಂಡ್ ಹ್ಯಾಂಡ್ ಗೈಡ್ ಸಾಕು. ಶೇಕಡಾವಾರು, ವೇಗ-ದೂರ, ಸಮೀಕರಣ ಯಾವ ಕಾಲಕ್ಕೂ ಅವೇ. ಆದರೆ ಅದರಲ್ಲಿರುವ ಮಾದರಿ ಪತ್ರಿಕೆಗಳನ್ನು ನಂಬಬೇಡಿ. 2015ರಿಂದ 2019ರವರೆಗೆ ಪರೀಕ್ಷೆ ಮೂರು ಗಂಟೆ, 100 ಪ್ರಶ್ನೆ ಇತ್ತು. 2020ರಿಂದ ಎರಡೇ ಗಂಟೆ. ಇನ್ನು ಟಾಪರ್‌ಗಳ ಫೋಟೊ ನೋಡಿ ಮರುಳಾಗಬೇಡಿ. ನಮ್ಮ ಜಯನಗರದಲ್ಲಿ ಒಂದೇ ಹುಡುಗ ಎರಡು ಕೋಚಿಂಗ್ ಸೆಂಟರ್‌ಗಳ ಬೋರ್ಡಿನ ಮೇಲೆ ಒಂದೇ ಅಂಗಿಯಲ್ಲಿ ನಗುತ್ತಿದ್ದ!

ಪ್ರಶ್ನೆ: ಮಗ ಇಂಜಿನಿಯರಿಂಗ್ ಕೊನೇ ವರ್ಷ. ಪಿಯುಸಿಯಲ್ಲಿ 96 ಪರ್ಸೆಂಟ್ ತೆಗೆದಿದ್ದ. ಈಗ ಕ್ಯಾಟ್ ಮಾಕ್ ಟೆಸ್ಟ್‌ನಲ್ಲಿ 204ಕ್ಕೆ 60 ದಾಟುತ್ತಿಲ್ಲ. ಮೊಬೈಲ್ ಕಿತ್ತಿಟ್ಟಿದ್ದೇವೆ. ಮನೆಯಲ್ಲಿ ದಿನಾ ಜಗಳ.
– ಒಬ್ಬ ತಾಯಿ, ವಿಜಯನಗರ

ಉತ್ತರ: ಮೊಬೈಲ್ ವಾಪಸ್ ಕೊಡಿ ತಾಯಿ. 60 ಅಂದರೆ ಫೇಲ್ ಅಲ್ಲ. ಇಲ್ಲಿ ಪರ್ಸೆಂಟ್ ಅಲ್ಲ, ಪರ್ಸೆಂಟೈಲ್ ಲೆಕ್ಕ. ನಿಮ್ಮ ಮಗ ಎಷ್ಟು ತೆಗೆದ ಅನ್ನುವುದಕ್ಕಿಂತ ಎಷ್ಟು ಜನರನ್ನು ಹಿಂದೆ ಹಾಕಿದ ಅನ್ನುವುದು ಮುಖ್ಯ. 2024ರಲ್ಲಿ ಸುಮಾರು 2.93 ಲಕ್ಷ ಜನ ಬರೆದರು. 99 ಪರ್ಸೆಂಟೈಲ್ ಅಂದರೆ ಮೊದಲ ಮೂರು ಸಾವಿರದೊಳಗೆ. ಅಷ್ಟಕ್ಕೆ ಒಟ್ಟು ಅಂಕದಲ್ಲಿ ಅರ್ಧವೂ ಬೇಕಾಗಿರಲಿಲ್ಲ.

ನಿಮ್ಮ ಹುಡುಗನ ತೊಂದರೆ ಆ 96 ಪರ್ಸೆಂಟೇ ಇರಬಹುದು. ಪಿಯುಸಿಯಲ್ಲಿ ನಾವು ಲೆಕ್ಕದ ಮೇಷ್ಟ್ರುಗಳು ಹೇಳಿಕೊಡುವುದೇ 'ಒಂದನ್ನೂ ಬಿಡಬೇಡಿ' ಅಂತ. ಅಲ್ಲಿಗೆ ಅದು ಸರಿ. ಇಲ್ಲಿ ಬಿಡಲು ಬಾರದವನು ಮುಳುಗುತ್ತಾನೆ. ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ಸಮಯ ಮುಗಿದರೆ ಬಾಗಿಲು ಬಂದ್, ಹಿಂದಕ್ಕೆ ಹೋಗುವ ಹಾಗಿಲ್ಲ. ಎರಡನೆಯದು ಕೋಷ್ಟಕ ಮತ್ತು ತರ್ಕದ ವಿಭಾಗ. 2024ರಲ್ಲಿ ಅದರಲ್ಲಿ ಐದು ಸೆಟ್ ಇದ್ದವು, ಸೆಟ್ ಅಂದರೆ ಒಂದೇ ಕೋಷ್ಟಕ ಅಥವಾ ಒಗಟಿನ ಮೇಲೆ ನಾಲ್ಕೈದು ಪ್ರಶ್ನೆ. ಜಾಣ ಹುಡುಗರು ಮೊದಲ ಸೆಟ್‌ಗೆ ಕೈಹಾಕಿ, ಅದು ಬಗ್ಗದಿದ್ದರೆ ಹಟಕ್ಕೆ ಬಿದ್ದು ಇಪ್ಪತ್ತು ನಿಮಿಷ ಕಳೆಯುತ್ತಾರೆ. ಮೊದಲ ಐದು ನಿಮಿಷ ಪೆನ್ನು ಮುಟ್ಟದೆ ಐದನ್ನೂ ಓದಬೇಕು. ಸುಲಭದ್ದು ಎರಡೋ ಮೂರೋ ಆರಿಸಿಕೊಂಡು ಪೂರ್ತಿ ಬಿಡಿಸಬೇಕು.

ಇನ್ನೊಂದು ಲೆಕ್ಕ ಅವನಿಗೆ ತೋರಿಸಿ. ಸರಿಯುತ್ತರಕ್ಕೆ 3 ಅಂಕ, ತಪ್ಪಿದರೆ 1 ಕಳೆಯುತ್ತಾರೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒತ್ತಿದರೆ ನಾಲ್ಕರಲ್ಲಿ ಒಂದು ಸರಿ: 3 ಬಂತು, ಮೂರು ತಪ್ಪಿಗೆ 3 ಹೋಯಿತು. ಸೊನ್ನೆ. ಆದರೆ ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದರೆ, ಅಂಥ ಮೂರು ಪ್ರಶ್ನೆಗೆ 3 ಬಂದು 2 ಹೋಗುತ್ತದೆ. ಸರಾಸರಿಯಲ್ಲಿ ಲಾಭ. ಆಯ್ಕೆಯೇ ಇಲ್ಲದೆ ಉತ್ತರ ಟೈಪ್ ಮಾಡುವ ಪ್ರಶ್ನೆಗಳಲ್ಲಿ ಅಂಕ ಕಳೆಯುವುದಿಲ್ಲ, ಅವನ್ನು ಖಾಲಿ ಬಿಡುವುದು ಸುಮ್ನೆ ನಷ್ಟ.

ಪ್ರತಿ ಮಾಕ್ ಆದ ಮೇಲೆ ಅವನು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಲಿ: ಗೊತ್ತಿದ್ದೂ ತಪ್ಪಿದ್ದು, ಗೊತ್ತೇ ಇಲ್ಲದ್ದು, ಬಿಡಬೇಕಿದ್ದನ್ನು ಹಿಡಿದು ಕೂತದ್ದು. ಮೂರನೆಯದೇ ಜಾಸ್ತಿ ತುಂಬುತ್ತದೆ, ನೋಡ್ತಾ ಇರಿ. ಮೂರನ್ನೂ ಬರೆಯದೆ ಮುಂದಿನ ಮಾಕ್‌ಗೆ ಕೂರುವುದು ಬೇಡ.

ಪ್ರಶ್ನೆ: ಎಸ್ಸೆಸ್ಸೆಲ್ಸಿಯಲ್ಲಿ 61 ಪರ್ಸೆಂಟ್. ಬನ್ನೇರುಘಟ್ಟ ರಸ್ತೆಯ ಐಐಎಂ ಸಿಗುತ್ತಾ ಸಾರ್?
– ಓದುಗ, ಯಲಹಂಕ

ಉತ್ತರ: ಕಷ್ಟ. ಐಐಎಂ ಬೆಂಗಳೂರು ಕ್ಯಾಟ್ ಜೊತೆಗೆ ಹತ್ತನೇ ತರಗತಿ, ಪಿಯುಸಿ, ಪದವಿ ಅಂಕಗಳನ್ನೂ ತೂಗುತ್ತದೆ, ಕೆಲಸದ ಅನುಭವವನ್ನೂ ನೋಡುತ್ತದೆ. ಆದರೆ ಒಂದೊಂದು ಐಐಎಂನದು ಒಂದೊಂದು ಲೆಕ್ಕ. ಅವರವರ ಜಾಲತಾಣದಲ್ಲಿ ಆಯ್ಕೆಯ ವಿಧಾನ ಹಾಕಿರುತ್ತಾರೆ, ಹಳೇ ಅಂಕಗಳಿಗೆ ಕಡಿಮೆ ತೂಕ ಕೊಡುವ ಕಡೆಗೆ ಅರ್ಜಿ ಹಾಕಿ. ಬೇರೆ ಎಂಬಿಎ ಕಾಲೇಜುಗಳಿಗಾಗಿ ಜನವರಿಯಲ್ಲಿ ನಡೆಯುವ ಕ್ಸಾಟ್ ಪರೀಕ್ಷೆ ಬರೆಯಿರಿ. ರಾಜ್ಯದ ಕಾಲೇಜುಗಳಿಗೆ ಕೆಇಎ ನಡೆಸುವ ಪಿಜಿಸಿಇಟಿಯೂ ಇದೆ. ಅದನ್ನು ಕೀಳಾಗಿ ಕಾಣುವವರ ಮಾತು ಕೇಳಬೇಡಿ, ಫೀಸು ಕಟ್ಟುವುದು ಅವರಲ್ಲ.

ಪ್ರಶ್ನೆ: ಕ್ಯಾಟ್‌ಗೆ ಬೆಳಗಿನ ಪಾಳಿ ಬಂದು, ಸೆಂಟರ್ ದೂರ ಹಾಕಿದರೆ ಮೆಟ್ರೊ ನಂಬಬಹುದಾ? ಭಾವನ ಸ್ಕೂಟರ್ ಇದೆ.
– ಓದುಗ, ಬನಶಂಕರಿ

ಉತ್ತರ: ನಂಬಬೇಡಿ. ಕ್ಯಾಟ್ ನಡೆಯುವುದು ನವೆಂಬರ್ ಕೊನೆಯಲ್ಲಿ, ಭಾನುವಾರ. ಬೆಳಗಿನ ಪಾಳಿ ಎಂಟೂವರೆಗೆ ಶುರು, ಗೇಟು ಅದಕ್ಕೂ ಮೊದಲೇ ಮುಚ್ಚುತ್ತದೆ. ಭಾನುವಾರ ನಮ್ಮ ಮೆಟ್ರೊ ಹೊರಡುವುದೇ ಏಳಕ್ಕೆ. ಹಿಂದಿನ ಭಾನುವಾರ ಅದೇ ಹೊತ್ತಿಗೆ ಭಾವನ ಜೊತೆ ಒಮ್ಮೆ ಹೋಗಿ ದಾರಿ ನೋಡಿಕೊಂಡು ಬನ್ನಿ. ಪ್ರವೇಶಪತ್ರ, ಗುರುತಿನ ಚೀಟಿ ಹಿಂದಿನ ರಾತ್ರಿಯೇ ಎತ್ತಿಡಿ. ಕ್ಯಾಲ್ಕುಲೇಟರ್ ಪರದೆಯ ಮೇಲೇ ಇರುತ್ತದೆ. ವಾಚು, ಮೊಬೈಲು ಒಳಗೆ ಬಿಡುವುದಿಲ್ಲ, ಭಾವನ ಕೈಗೆ ಕೊಟ್ಟು ಹೋಗಿ. ಪೆಟ್ರೋಲ್ ಶನಿವಾರವೇ ಹಾಕಿಸಿ.