ಕ್ಯಾನ್ ನೀರು ಕಾಯಿಸಿದಾಗ ತಳದಲ್ಲಿ ಬಿಳಿ ಪುಡಿ

ಮಂಡ್ಯದಲ್ಲಿ ನೀವು ತರಿಸುತ್ತಿರುವ 20 ಲೀಟರಿನ ಕ್ಯಾನ್ ನೀರನ್ನು ಕಾಯಿಸಿದಾಗ ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುವುದೇಕೆ ಎಂದು ಕೇಳಿದ್ದೀರಿ. ಆ ಪುಡಿ ಬಹುಮಟ್ಟಿಗೆ ಸುಣ್ಣದ ಅಂಶವೇ. ಕೊಳವೆಬಾವಿಯ ಗಡಸು ನೀರನ್ನು, ಅಂದರೆ ಸುಣ್ಣದಂಥ ಲವಣ ಹೆಚ್ಚಿರುವ ನೀರನ್ನು, ಕರಗಿದ ಲವಣವನ್ನು ತಡೆಯುವ ಆರ್‌ಒ ಪೊರೆಯ ಮೂಲಕ ಹಾಯಿಸದೆ, ಬರೀ ಸೋಸಿ, ಯುವಿ (ನೇರಳಾತೀತ) ದೀಪಕ್ಕೆ ಒಡ್ಡಿ ತುಂಬಿರಬೇಕು, ಇಲ್ಲವೇ ಘಟಕದ ಪೊರೆ ಹಳತಾಗಿರಬೇಕು. ಯುವಿ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆಯೇ ಹೊರತು ಕರಗಿದ ಲವಣವನ್ನು ತೆಗೆಯುವುದಿಲ್ಲ.

ಮೊದಲು ಆ ಪುಡಿಯ ಮೇಲೆ ನಿಂಬೆರಸ ಹಿಂಡಿ ನೋಡಿ. ಗುಳ್ಳೆಯೆದ್ದು ಕರಗಿದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಅಂಶವೇ. ಕರಗದಿದ್ದರೆ ನನ್ನ ಊಹೆ ತಪ್ಪಿರಬಹುದು, ಆಗ ಆ ನೀರನ್ನು ಕುಡಿಯುವುದನ್ನು ನಿಲ್ಲಿಸಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡುವುದೇ ಸರಿ. ಬಳಿಕ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು (ಟಿಡಿಎಸ್) ತೋರಿಸುವ ಮೀಟರಿನಿಂದ ಕ್ಯಾನ್ ನೀರನ್ನೂ ಮನೆಯ ಕಾವೇರಿ ನಲ್ಲಿಯ ನೀರನ್ನೂ ಅಳೆದು ಹೋಲಿಸಿ. ಕುಡಿಯುವ ನೀರಿಗೆ ಭಾರತದ ಮಾನಕವಾದ ಐಎಸ್ 10500ರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಕ್ಯಾನಿನದೇ ನಲ್ಲಿಯದಕ್ಕಿಂತ ಹೆಚ್ಚು ಬಂದರೆ ನೀವು ದುಡ್ಡು ಕೊಟ್ಟು ಗಡಸು ನೀರು ಕೊಳ್ಳುತ್ತಿದ್ದೀರಿ ಎಂದರ್ಥ. ಆದರೆ ಮೀಟರು ರೋಗಾಣುಗಳ ಬಗ್ಗೆ ಏನನ್ನೂ ಹೇಳದು.

ಇದು ‘ಮಿನರಲ್ ವಾಟರ್’ ಹೌದೇ ಎಂದೂ ಕೇಳಿದ್ದೀರಿ. ಅಂಗಡಿಯವರು ಎಲ್ಲವನ್ನೂ ಹಾಗೆಯೇ ಕರೆಯುತ್ತಾರೆ. ಲೇಬಲ್ಲಿನಲ್ಲಿ ಐಎಸ್ 14543 ಎಂದಿದ್ದರೆ ಅದು ಸಂಸ್ಕರಿಸಿ ತುಂಬಿದ ಕುಡಿಯುವ ನೀರು, ಐಎಸ್ 13428 ಎಂದಿದ್ದರೆ ಮಾತ್ರ ನೈಸರ್ಗಿಕ ಖನಿಜಯುಕ್ತ ನೀರು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ತುಂಬಿದ ದಿನಾಂಕ ಯಾವುದೂ ಇಲ್ಲದಿದ್ದರೆ ಸರಬರಾಜುದಾರರನ್ನು ಬದಲಿಸಿ. ಪುಡಿ ಸುಣ್ಣದ್ದೇ ಎಂದು ಖಚಿತವಾದರೆ, ಬೇರೆ ಸರಬರಾಜುದಾರರು ಸಿಗುವವರೆಗೆ ಕಾಯಿಸಿದ ನೀರನ್ನು ತಿಳಿಯಾಗಲು ಬಿಟ್ಟು, ತಳ ಕದಡದಂತೆ ಬಗ್ಗಿಸಿಕೊಂಡು ಬಳಸಬಹುದು.