ಚಪ್ಪಲಿ ಎಲ್ಲಿ ಬಿತ್ತು, ಯಜಮಾನರೇ?

ಕಾರಟಗಿ ಕಡೆಯ ಯಜಮಾನರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ವಯಸ್ಸು 69. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಆರು ಎಕರೆ ಗದ್ದೆ. ನಾಲ್ಕು ಎಕರೆ ಕೂಡು ಕುಟುಂಬದ ಭಾಗದಲ್ಲಿ ಬಂದದ್ದು, ಎರಡು ಎಕರೆ ಸ್ವಂತ ದುಡಿಮೆಯಲ್ಲಿ ಕೊಂಡದ್ದು. ದೊಡ್ಡ ಮಗ ಊರಲ್ಲಿದ್ದು ಕಮತ ನೋಡುತ್ತಾನೆ, ಚಿಕ್ಕವನು ಬೆಂಗಳೂರಿನಲ್ಲಿದ್ದಾನೆ, ಮಗಳನ್ನು ಸಿಂಧನೂರಿಗೆ ಕೊಟ್ಟಿದ್ದಾರೆ. ದೊಡ್ಡ ಮಗನ ಮಾವ ವಾರಕ್ಕೊಮ್ಮೆ ಬಂದು ಕೂತು, “ಬೀಗರೇ, ಕೈಕಾಲು ಗಟ್ಟಿ ಇರುವಾಗಲೇ ಹುಡುಗನ ಹೆಸರಿಗೆ ದಾನಪತ್ರ ಮಾಡಿಬಿಡಿ, ವಿಲ್ ಅಂದರೆ ಬರೀ ಕಾಗದ” ಎನ್ನುತ್ತಿದ್ದಾರಂತೆ. ದಾನಪತ್ರವೋ ವಿಲ್ಲೋ ಎಂಬುದು ಪ್ರಶ್ನೆ.

ಉತ್ತರ ಕೊಡುತ್ತೇನೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೇ ಪುಟದ ಒಂದು ಸಾಲು. ಸರ್ವೆಯವರು ಬಂದ ದಿನ ಬದುವಿನ ಮೇಲೆ ಓಡಾಡಿ ಮನೆಗೆ ಬಂದರೆ ಬಲಗಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ, “ತಾತಾ, ಇನ್ನೊಂದು ಚಪ್ಪಲಿ ಎಲ್ಲಿ?” ಎಂದು ಮೊಮ್ಮಗಳು ಕೇಳಿದ ಮೇಲೆಯೇ ತಿಳಿಯಿತು. ವಯಸ್ಸಾಯಿತಲ್ಲ, ಮರೆವು ಎಂದು ನಕ್ಕು, ಮರುಸಾಲಿಗೆ ಸರ್ವೆ ನಂಬರು ಬರೆದಿದ್ದೀರಿ. ಮೊದಲ ಪುಟದಲ್ಲಿ “14 ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ನಡೆದಿದೆ” ಎಂದಿದೆ. ರಕ್ತ ಪರೀಕ್ಷೆ ಯಾವಾಗ ಮಾಡಿಸಿದಿರಿ ಎಂಬ ಮಾತು ಎಲ್ಲೂ ಇಲ್ಲ. ಪಹಣಿಯ ಪ್ರತಿ ಮಾತ್ರ ಲಗತ್ತಿಸಿದ್ದೀರಿ!

ಅದು ಮರೆವಲ್ಲ, ಯಜಮಾನರೇ. ಚಪ್ಪಲಿಯನ್ನು ಮರೆಯುವುದು ಜಗುಲಿಯಲ್ಲಿ, ಗುಡಿಯ ಮುಂದೆ. ನಡೆಯುತ್ತಿರುವ ಕಾಲಿನಿಂದ ಜಾರಿದ್ದು ತಿಳಿಯಲಿಲ್ಲ ಎಂದರೆ ಪಾದಕ್ಕೆ ಸ್ಪರ್ಶವೇ ತಿಳಿಯುತ್ತಿಲ್ಲ ಎಂದು ನನಗೆ ಅನುಮಾನ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿಕೊಂಡೇ ಇದ್ದರೆ ಪಾದದ ನರಗಳು ಸೋಲುತ್ತವೆ. ಮುಳ್ಳು ಚುಚ್ಚಿದರೂ, ಬೇಸಿಗೆಯ ಡಾಂಬರು ಸುಟ್ಟರೂ ನೋಯುವುದಿಲ್ಲ. ನೋಯದ ಗಾಯವನ್ನು ಯಾರೂ ನೋಡುವುದಿಲ್ಲ. ಅದು ಕೆಸರಿನಲ್ಲಿ ನೆನೆದು ಕೀವಾಗಿ, ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಓಡುತ್ತಾರೆ. ಆಗ ಬೆರಳು ಹೋಗಬಹುದು, ಪಾದವೂ ಹೋಗಬಹುದು. ಸಕ್ಕರೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆಯಾಗಿಯೂ ಕಾಲು ಜೋಮು ಹಿಡಿಯುವುದುಂಟು. ಯಾವುದು ಎಂದು ಹೇಳಬೇಕಾದವರು ವೈದ್ಯರು, ಬೀಗರಲ್ಲ. ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿಯ ಬಗ್ಗೆಯೂ 2024ರ ಆಗಸ್ಟ್‌ನಲ್ಲಿ ಅದು ತುಂಡಾಗಿ ಗೇಟು ಕೊಚ್ಚಿಹೋದ ಮೇಲೆಯೇ ಅಲ್ಲವೇ ನಾವೆಲ್ಲ ಮಾತಾಡಿದ್ದು?

ಈಗ ದಾನಪತ್ರ. ನೋಂದಣಿಯಾದ ದಾನಪತ್ರ ಎಂದರೆ ಆ ದಿನವೇ ಹೊಲ ಕೈಬಿಟ್ಟಂತೆ. ಮನಸ್ಸು ಬದಲಾಯಿತು ಎಂದು ಸುಲಭವಾಗಿ ಹಿಂದಕ್ಕೆ ಪಡೆಯಲಾಗುವುದಿಲ್ಲ. ಸಾಕುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಪಡೆದು ಸಾಕದಿದ್ದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನ ಅಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ನಿಜ. ಆದರೆ ಷರತ್ತನ್ನು ಪತ್ರದಲ್ಲೇ ಬರೆಸದೆ ಕೋರ್ಟು ಅಲೆದವರು ಎಷ್ಟೋ ಮಂದಿ. ಆ ವಯಸ್ಸಿನಲ್ಲಿ ಆ ಕಾಲಿನಲ್ಲಿ ಕಚೇರಿ ಮೆಟ್ಟಿಲು ಹತ್ತುತ್ತೀರಾ?

ಅಲ್ಲದೆ ಭಾಗದಲ್ಲಿ ಬಂದ ನಾಲ್ಕು ಎಕರೆ ಪೂರ್ತಿ ನಿಮ್ಮೊಬ್ಬರದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ನಂತರ ಅದರಲ್ಲಿ ಸಿಂಧನೂರಿನ ಮಗಳಿಗೂ ಗಂಡುಮಕ್ಕಳಷ್ಟೇ ಪಾಲು. ಅವಳನ್ನು ಬಿಟ್ಟು ಒಬ್ಬನಿಗೆ ದಾನ ಮಾಡಿದರೆ ನಾಳೆ ದಾವೆ ಖಂಡಿತ. ನಿಮ್ಮ ಪಾಲನ್ನೂ ಸ್ವಂತದ ಎರಡು ಎಕರೆಯನ್ನೂ ವಿಲ್ ಮಾಡಿ ಬರೆಯಬಹುದು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಿಮ್ಮ ಸಹಿ, ಅದನ್ನು ಕಂಡು ಸಹಿ ಮಾಡುವ ಇಬ್ಬರು ಸಾಕ್ಷಿಗಳು ಇರಬೇಕು. ಆಸ್ತಿ ಪಡೆಯುವವರು ಸಾಕ್ಷಿಯಾಗದಿರಲಿ. ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯದ್ದೇ ನಿಲ್ಲುತ್ತದೆ. ಬೀಗರ “ಬರೀ ಕಾಗದ” ಇಷ್ಟು ಗಟ್ಟಿ.

ದೊಡ್ಡ ಮಗನ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ಬೆಂದವನು ಅವನು. ಎರಡು ಎಕರೆಯಲ್ಲಿ ಅವನಿಗೆ ಹೆಚ್ಚು ಬರೆದರೆ ನಾನಂತೂ ತಪ್ಪು ಎನ್ನಲಾರೆ. ಸಿಟ್ಟು ಬರುವುದು ಮಗಳ ಸುಖದ ಹೆಸರಿನಲ್ಲಿ ಪರರ ಬದು ಅಳೆಯುವ ಮಾವನ ಮೇಲೆ. ನಿಮ್ಮ ಮೇಲೂ ಸ್ವಲ್ಪ: ನಾಲ್ಕು ಪುಟದಲ್ಲಿ ಮನೆಯವರ ಹೆಸರು ಒಮ್ಮೆಯೂ ಇಲ್ಲ. ಈ ಅಂಕಣದಲ್ಲಿ ಹೇಳಿ ಹೇಳಿ ಬಾಯಿ ಸೋತಿದೆ, ಮತ್ತೆ ಹೇಳುತ್ತೇನೆ: ವಿಲ್ಲಿನ ಮೊದಲ ಸಾಲು ಹೆಂಡತಿಯದಾಗಬೇಕು. ಅವರು ಬದುಕಿರುವ ತನಕ ಮನೆಯೂ ಒಂದಿಷ್ಟು ಭತ್ತದ ಹುಟ್ಟುವಳಿಯೂ ಅವರ ಕೈಯಲ್ಲಿರಲಿ. ಬ್ಯಾಂಕಿನಲ್ಲಿ ನಾಮಿನಿ ಎಂದು ಬರೆದರೆ ಮುಗಿಯಿತು ಎಂದುಕೊಳ್ಳಬೇಡಿ. ನಾಮಿನಿ ಹಣ ಪಡೆಯುವವರು ಅಷ್ಟೆ, ವಾರಸುದಾರರಾಗಿಬಿಡುವುದಿಲ್ಲ.

ಇದೆಲ್ಲ ಒಂದು ತಿಂಗಳು ಕಾಯಲಿ. ಸೋಮವಾರ ಬೆಳಿಗ್ಗೆ ಗಂಗಾವತಿ ಬಸ್ಸು ಹತ್ತಿ, ಉಪನೋಂದಣಿ ಕಚೇರಿಗಲ್ಲ, ಸರ್ಕಾರಿ ಆಸ್ಪತ್ರೆಗೆ. ವೈದ್ಯರ ಮುಂದೆ ಎರಡೂ ಚಪ್ಪಲಿ ಬಿಚ್ಚಿ ಪಾದ ತೋರಿಸಿ. ಸಣ್ಣ ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತಾರೆ, ನೋವಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕೇಳಿ. ಮುಂದೆ ವಿಲ್ ಬರೆಯುವಾಗ ಸ್ವಸ್ಥ ಬುದ್ಧಿಯಿಂದ ಬರೆದಿದ್ದಾರೆ ಎಂಬ ವೈದ್ಯರ ಚೀಟಿ ಇದ್ದರೆ ಅದಕ್ಕೂ ಬಲ, ಪರಿಚಯವೂ ಆದಂತಾಯಿತು. ಬರಿಗಾಲಲ್ಲಿ ಗದ್ದೆಗೆ ಇಳಿಯುವುದು ಅಲ್ಲಿಯ ತನಕ ನಿಲ್ಲಲಿ, ಜೋಮು ಎಂದು ಬಿಸಿನೀರಲ್ಲಿ ಕಾಲು ಅದ್ದುವುದೂ ಬೇಡ. ಸುಟ್ಟರೆ ನಿಮಗೆ ತಿಳಿಯುವುದಿಲ್ಲ.

ಒಬ್ಬರೇ ಹೋಗಬೇಡಿ, ಮೊಮ್ಮಗಳನ್ನು ಕರೆದುಕೊಂಡು ಹೋಗಿ. ವೈದ್ಯರು ಕೇಳಿದಾಗ ನೀವು “ಎಲ್ಲ ಚೆನ್ನಾಗಿದೆ” ಎನ್ನುತ್ತೀರಿ. ಚಪ್ಪಲಿಯ ಕಥೆಯನ್ನು ಅವಳು ಹೇಳುತ್ತಾಳೆ.