ಕೆಮ್ಮಿಗೆ ಕಷಾಯ: ಯಾರಿಗೆ, ಎಷ್ಟು, ಎಲ್ಲಿಯವರೆಗೆ?

ಪ್ರಶ್ನೆ: ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೆಮ್ಮು ಹತ್ತುತ್ತದೆ. ಈ ಸಲ ಅಂಗಡಿಯಿಂದ ಗಿಡಮೂಲಿಕೆ ಚಹಾದ ಪಾಕೀಟು ತಂದಿದ್ದೇವೆ. ಅದರಲ್ಲಿ ತುಳಸಿ, ಶುಂಠಿ, ಕರಿಮೆಣಸು, ದಾಲ್ಚಿನ್ನಿ, ಜ್ಯೇಷ್ಠಮಧು ಮತ್ತು ಆಡುಸೋಗೆ ಇವೆಯೆಂದು ಬರೆದಿದ್ದಾರೆ. ಬಿ.ಪಿ. ಗುಳಿಗೆ ನುಂಗುವ ಮಾವನವರಿಂದ ಹಿಡಿದು ಹತ್ತು ತಿಂಗಳ ಮಗುವಿನವರೆಗೆ ಎಲ್ಲರಿಗೂ ಜೇನುತುಪ್ಪ ಬೆರೆಸಿ ದಿನಕ್ಕೆ ಮೂರು ಸಲ ಕೊಡುತ್ತಿದ್ದೇನೆ. ಇದು ಸರಿಯೇ? ಮನೆಯಲ್ಲಿಯೇ ಮಾಡಿಕೊಳ್ಳುವುದಾದರೆ ಹೇಗೆ?
— ಗೃಹಿಣಿ, ಧಾರವಾಡ

ಉತ್ತರ: ಮೊದಲು ಮಗುವಿನ ಮಾತು, ಏಕೆಂದರೆ ಅದು ಇಂದೇ ನಿಲ್ಲಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸುವುದೂ ಬೇಡ. ಜೇನಿನಲ್ಲಿ ಬಾಟುಲಿಸಂ ಎಂಬ ರೋಗವನ್ನು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ, ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡುತ್ತವೆ. ಮನೆಯ ಒಲೆಯ ಮೇಲೆ ಕುದಿಸುವುದರಿಂದ ಅವು ಸಾಯುವುದೂ ಇಲ್ಲ. ಆದ್ದರಿಂದ ಬಿಸಿ ಕಷಾಯದಲ್ಲಿ ಬೆರೆಸಿದ್ದೇನೆಂಬ ಸಮಾಧಾನ ಬೇಡ. ಇದುವರೆಗೆ ಕೊಟ್ಟದ್ದಕ್ಕಾಗಿ ಗಾಬರಿಯಾಗುವ ಅಗತ್ಯವಿಲ್ಲ, ಈ ರೋಗ ಅಪರೂಪದ್ದು. ಆದರೆ ಮುಂದಿನ ಕೆಲವು ವಾರಗಳಲ್ಲಿ ಮಗುವಿಗೆ ಮಲಬದ್ಧತೆಯಾಗಿ, ಹಾಲು ಎಳೆಯುವ ಶಕ್ತಿ ಕುಗ್ಗಿ, ಅಳುವಿನ ದನಿ ಕ್ಷೀಣವಾದರೆ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ ಜೇನು ಕೊಟ್ಟದ್ದನ್ನು ತಿಳಿಸಿರಿ.

ಈ ವಯಸ್ಸಿನ ಕೂಸಿಗೆ ಕಷಾಯವೂ ಬೇಡ. ಎದೆಹಾಲು ಮತ್ತು ಕಟ್ಟಿದ ಮೂಗಿಗೆ ಉಪ್ಪುನೀರಿನ ಹನಿ, ಇಷ್ಟು ಸಾಕು. ಅಂಗಡಿಯಿಂದ ಕೆಮ್ಮಿನ ಸಿರಪ್ಪನ್ನು ತಂದು ಹಾಕುವ ಯೋಚನೆಯನ್ನೂ ಬಿಡಿರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ಪುಗಳನ್ನು ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ. ನೀವು ಮಾಡಬೇಕಾದದ್ದು ಮಗು ಶಾಂತವಾಗಿ ಮಲಗಿರುವಾಗ ಅಂಗಿಯನ್ನು ಮೇಲಕ್ಕೆ ಸರಿಸಿ, ಗಡಿಯಾರವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸುವುದು. ಎರಡು ತಿಂಗಳಿಂದ ಒಂದು ವರ್ಷದವರೆಗಿನ ಮಗುವಿನಲ್ಲಿ ಉಸಿರು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಒಂದರಿಂದ ಐದು ವರ್ಷದ ಮಕ್ಕಳಲ್ಲಿ 40 ಅಥವಾ ಹೆಚ್ಚಿದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ಅಂಥ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗುವುದನ್ನು ಬೆಳಗಿನವರೆಗೆ ಮುಂದೂಡಬಾರದು.

ಇನ್ನು ಮಾವನವರ ವಿಚಾರ. ಪಾಕೀಟಿನಲ್ಲಿರುವ ಜ್ಯೇಷ್ಠಮಧು ಗಂಟಲಿಗೆ ಬಹಳ ಹಿತವಾದ ಬೇರು, ಕೆರೆತವನ್ನು ತಕ್ಷಣವೇ ತಗ್ಗಿಸುತ್ತದೆ. ಆದರೆ ಅದರ ಸಿಹಿಗೆ ಕಾರಣವಾದ ಗ್ಲಿಸರೈಜಿನ್ ಎಂಬ ಅಂಶವು ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಹಾರ್ಮೋನು ನಿಷ್ಕ್ರಿಯಗೊಳ್ಳುವುದನ್ನು ತಡೆಯುತ್ತದೆ. ಅದರ ಪರಿಣಾಮವಾಗಿ ಶರೀರದಲ್ಲಿ ಉಪ್ಪು, ನೀರು ನಿಂತು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಆರೋಗ್ಯವಂತರು ನಾಲ್ಕು ದಿನ ಕುಡಿದರೆ ಚಿಂತೆಯಿಲ್ಲ. ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಅದರಲ್ಲಿಯೂ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು, ಅದನ್ನು ದಿನಕ್ಕೆ ಮೂರು ಲೋಟದಂತೆ ವಾರಗಟ್ಟಲೆ ಕುಡಿಯುವುದು ತಕ್ಕದ್ದಲ್ಲ.

ಮಾವನವರ ಗುಳಿಗೆಯ ಚೀಟಿಯನ್ನೂ ಒಮ್ಮೆ ತೆಗೆದು ನೋಡಿರಿ. ಅದರಲ್ಲಿ ಎನಲಾಪ್ರಿಲ್, ರಾಮಿಪ್ರಿಲ್ ಎಂಬಂಥ ಹೆಸರಿದ್ದು, ಅವರದು ಕಫವಿಲ್ಲದ ಒಣ ಕೆಮ್ಮಾಗಿದ್ದರೆ, ಕೆಮ್ಮಿಗೆ ಕಾರಣ ಆ ಗುಳಿಗೆಯೇ ಇರಬಹುದು. ಆ ವರ್ಗದ ಔಷಧಿಗಳಿಗೆ ಈ ಅಡ್ಡಪರಿಣಾಮ ಸಾಮಾನ್ಯ. ಯಾವ ಕಷಾಯದಿಂದಲೂ ಅದು ಹೋಗುವುದಿಲ್ಲ, ವೈದ್ಯರು ಬೇರೆ ವರ್ಗದ ಗುಳಿಗೆಗೆ ಬದಲಾಯಿಸಿದರೆ ಕೆಲವು ವಾರಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದರೆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ.

ಉಳಿದವರಿಗೆ ಕಷಾಯ ಕೊಡಬಹುದು, ಸಂತೋಷದಿಂದಲೇ ಕೊಡಿರಿ. ನೆಗಡಿಯೊಂದಿಗೆ ಬರುವ ಕೆಮ್ಮು ಹೆಚ್ಚಾಗಿ ವೈರಾಣುವಿನಿಂದ ಬಂದದ್ದು. ಅದು ಎರಡು ಮೂರು ವಾರ ಎಳೆದು ತಾನಾಗಿಯೇ ಹೋಗುತ್ತದೆ, ಆಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಆ ದಿನಗಳನ್ನು ಸಹ್ಯವಾಗಿಸುವುದು ಕಷಾಯದ ಕೆಲಸ. ಅದರಲ್ಲಿ ಬಿಸಿನೀರಿನ ಪಾಲೂ ಸಣ್ಣದಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಹಣ್ಣಿನ ಪಾನಕವನ್ನು ನೆಗಡಿಯಾದವರಿಗೆ ಬಿಸಿಯಾಗಿಯೂ ಬಿಸಿಮಾಡದೆಯೂ ಕೊಟ್ಟು ನೋಡಿದರು. ಬಿಸಿಯಾಗಿ ಕುಡಿದವರಿಗೆ ಕೆಮ್ಮು, ಸೀನು, ಮೂಗು ಸೋರುವುದರ ಜೊತೆಗೆ ಗಂಟಲು ನೋವು, ಚಳಿ, ದಣಿವುಗಳಿಂದಲೂ ಆರಾಮ ಸಿಕ್ಕಿತು. ಹಾಗೆಂದು ಮೂಲಿಕೆಗಳು ನೆಪಮಾತ್ರಕ್ಕೆ ಇವೆಯೆಂದಲ್ಲ. ಆಡುಸೋಗೆಯಲ್ಲಿರುವ ವ್ಯಾಸಿಸೀನ್ ಎಂಬ ಅಂಶವನ್ನು ಆಧರಿಸಿಯೇ ಬ್ರೋಮ್‌ಹೆಕ್ಸಿನ್ ಮತ್ತು ಆಂಬ್ರಾಕ್ಸಾಲ್ ಎಂಬ ಕಫ ಸಡಿಲಿಸುವ ಔಷಧಿಗಳು ರೂಪುಗೊಂಡವು. ನಮ್ಮ ಅಜ್ಜಿಯರ ಕೈಯಳತೆ ಹುಸಿಯಾಗಿರಲಿಲ್ಲ. ಆದರೆ ಅದೇ ಆಡುಸೋಗೆ ಗರ್ಭಕೋಶವನ್ನು ಸಂಕುಚಿಸುವ ಗುಣವುಳ್ಳದ್ದಾದ್ದರಿಂದ ಗರ್ಭಿಣಿಯರಿಗೆ ವರ್ಜ್ಯ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಪಾಕೀಟನ್ನು ಅವರಿಂದ ದೂರವಿಡಿರಿ.

ಎಲ್ಲವನ್ನೂ ಒಟ್ಟಿಗೆ ಹಾಕಿದ ಪುಡಿಯಲ್ಲಿ ಯಾವುದು ಎಷ್ಟಿದೆ ಎಂಬುದು ತಿಳಿಯುವುದಿಲ್ಲ, ಬೇಡವಾದದ್ದನ್ನು ಬಿಡಲೂ ಆಗುವುದಿಲ್ಲ. ಆದ್ದರಿಂದ ಮನೆಯಲ್ಲಿಯೇ ಮಾಡಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಆಯುಷ್ ಸಚಿವಾಲಯವು 2020ರಲ್ಲಿ ಸೂಚಿಸಿದ ಕ್ವಾಥದ ಪ್ರಮಾಣ ಸರಳವಾಗಿದೆ: ಒಣಗಿದ ತುಳಸಿ ಎಲೆ ನಾಲ್ಕು ಪಾಲು, ದಾಲ್ಚಿನ್ನಿ ಎರಡು ಪಾಲು, ಒಣಶುಂಠಿ ಎರಡು ಪಾಲು, ಕರಿಮೆಣಸು ಒಂದು ಪಾಲು. ಈ ತರಿಪುಡಿಯ ಮೂರು ಗ್ರಾಂ, ಅಂದರೆ ಸುಮಾರು ಒಂದು ಚಮಚ, 150 ಮಿಲಿಲೀಟರ್ ನೀರಿಗೆ ಸಾಕು. ಅದನ್ನು ಸೂಚಿಸಿದ್ದು ರೋಗನಿರೋಧಕ ಶಕ್ತಿಗಾಗಿ, ಕೆಮ್ಮಿನ ಮದ್ದೆಂದು ಅಲ್ಲ. ಆದರೂ ಅಳತೆಗೆ ಒಳ್ಳೆಯ ಆಧಾರ. ಹಸಿ ಸಾಮಾನಿನಿಂದ ಮಾಡುವವರು ಸ್ಟೀಲ್ ಪಾತ್ರೆಯಲ್ಲಿ ಜಜ್ಜಿದ ಶುಂಠಿ, ಸಣ್ಣ ತುಂಡು ದಾಲ್ಚಿನ್ನಿ, ಒಡೆದ ಒಂದೆರಡು ಮೆಣಸಿನಕಾಳು ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ತುಳಸಿ ಎಲೆಯನ್ನು ಕಿವುಚಿ ಹಾಕಿ ಮುಚ್ಚಳ ಮುಚ್ಚಬೇಕು. ತುಳಸಿಯ ಪರಿಮಳವೆಲ್ಲ ಹಾರುವ ಎಣ್ಣೆಯಲ್ಲಿದೆ. ತೆರೆದಿಟ್ಟು ಕುದಿಸಿದರೆ ಅಡುಗೆಮನೆ ತುಂಬ ಘಮಘಮಿಸಿ ಲೋಟದಲ್ಲಿ ಬರೀ ಬಣ್ಣ ಉಳಿಯುತ್ತದೆ. ಜೇನನ್ನು, ಒಂದು ವರ್ಷ ದಾಟಿದವರಿಗೆ ಮಾತ್ರ, ಕುಡಿಯುವಷ್ಟು ಬಿಸಿಗೆ ಆರಿದ ಮೇಲೆ ಅರ್ಧ ಅಥವಾ ಒಂದು ಚಮಚ ಬೆರೆಸಬಹುದು. ಮಕ್ಕಳ ರಾತ್ರಿ ಕೆಮ್ಮಿಗೆ ಜೇನು ಉಪಕಾರಿಯೆಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ.

ದಿನಕ್ಕೆ ಎರಡು ಲೋಟ ಸಾಕು. ಹೊಟ್ಟೆ ಉರಿ, ಹುಳಿತೇಗು ಇರುವವರು ಮೆಣಸನ್ನು ಬಿಟ್ಟು ಮಾಡಿಕೊಳ್ಳಬೇಕು, ಏಕೆಂದರೆ ಹೊಟ್ಟೆಯ ಆಮ್ಲ ಗಂಟಲಿಗೆ ಏರಿದರೂ ಕೆಮ್ಮು ಬರುತ್ತದೆ. ಫಿಟ್ಸಿಗೆ ಫೆನಿಟೋಯಿನ್ ನುಂಗುವವರು ಸಾರಿನಲ್ಲಿ ಹಾಕುವಷ್ಟಕ್ಕಿಂತ ಹೆಚ್ಚು ಮೆಣಸನ್ನು ಬಳಸಬಾರದು. ಮೆಣಸಿನಲ್ಲಿರುವ ಪೈಪರಿನ್ ರಕ್ತದಲ್ಲಿ ಆ ಔಷಧಿಯ ಪ್ರಮಾಣವನ್ನು ಹೆಚ್ಚಿಸುತ್ತದೆ.

ಪ್ರಶ್ನೆ: ನಾನು ಮೆಣಸಿನಕಾಯಿ ಕಣದಲ್ಲಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತೇನೆ. ತಿಂಗಳ ಮೇಲಾಯಿತು, ಕೆಮ್ಮು ಬಿಟ್ಟಿಲ್ಲ. ಶುಂಠಿ, ಮೆಣಸಿನಕಾಳಿನ ಕಷಾಯವನ್ನು ದಿನಾಲೂ ಕುಡಿಯುತ್ತೇನೆ, ಕುಡಿದಾಗ ಇನ್ನಷ್ಟು ಕೆಮ್ಮು ಒತ್ತರಿಸಿ ಬರುತ್ತದೆ. ಮೆಣಸನ್ನು ಇನ್ನೂ ಹೆಚ್ಚಿಗೆ ಹಾಕಬೇಕೇ?
— ಓದುಗರು, ಬ್ಯಾಡಗಿ

ಉತ್ತರ: ಹೆಚ್ಚಿಸಬೇಡಿರಿ, ಪೂರ್ತಿ ಬಿಟ್ಟುಬಿಡಿರಿ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಷ್ಟು ಖಚಿತವಾಗಿ ಕೆಮ್ಮು ತರಿಸುತ್ತದೆಯೆಂದರೆ, ಕೆಮ್ಮಿನ ಔಷಧಿಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಜನರಿಗೆ ಬೇಕೆಂದೇ ಕೆಮ್ಮು ಬರಿಸಲು ಅದರ ಹವೆಯನ್ನು ಉಸಿರಾಡಿಸುತ್ತಾರೆ. ಅದು ಕೆರಳಿಸುವ ನರಗಳ ತುದಿಗಳನ್ನೇ ಕರಿಮೆಣಸಿನ ಪೈಪರಿನ್ ಕೂಡ ಕೆರಳಿಸುತ್ತದೆ. ದಿನವಿಡೀ ಘಾಟು ಕುಡಿದ ಗಂಟಲಿಗೆ ಸಂಜೆ ಮತ್ತೆ ಖಾರದ ಕಷಾಯ ಸುರಿದರೆ ಆರಾಮ ಹೇಗೆ ಬಂದೀತು? ನಿಮಗೆ ಬೇಕಾದದ್ದು ಜ್ಯೇಷ್ಠಮಧುವಿನ ಸಣ್ಣ ಚೂರು ಅಥವಾ ಬೆಚ್ಚಗಿನ ನೀರಿಗೆ ಜೇನು, ಅಷ್ಟೇ. ಬಿ.ಪಿ. ಇದ್ದರೆ ಜ್ಯೇಷ್ಠಮಧುವೂ ಬೇಡ.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅದರಿಂದ ಎದೆಗೆ ಏನೂ ಆಗದು ಎಂಬ ನಂಬಿಕೆ ಕೆಲವರಲ್ಲಿದೆ. ಆದರೆ ಹಾರುವ ದೂಳಿನಲ್ಲಿ ಖಾರದ ಅಂಶವಷ್ಟೇ ಇರುವುದಿಲ್ಲ, ಸಿಪ್ಪೆ, ಬೀಜ, ಮಣ್ಣು ಮತ್ತು ತೇವಕ್ಕೆ ಹಿಡಿದ ಬೂಷ್ಟಿನ ಕಣಗಳೂ ಇರುತ್ತವೆ. ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ಶ್ವಾಸನಾಳಗಳು ಕೆರಳಿಯೇ ಉಳಿಯುತ್ತವೆ. ಸೀರೆಯ ಸೆರಗು ಸಣ್ಣ ಕಣಗಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸು ತಡೆಯುತ್ತದೆ. ಅದನ್ನು ಒದಗಿಸುವುದು ಕೆಲಸ ಕೊಡುವವರ ಹೊಣೆ ಎಂಬುದನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ಗಾಳಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳುವುದು, ಮನೆಗೆ ಬಂದೊಡನೆ ಬಟ್ಟೆ ಬದಲಿಸುವುದು ನಿಮ್ಮ ಕೈಯಲ್ಲಿರುವ ಮಾತು.

ಇದೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಎರಡು ವಾರ ಮೀರಿದ ಯಾವ ಕೆಮ್ಮಿಗೂ ಕ್ಷಯದ ಪರೀಕ್ಷೆ ಮಾಡಿಸಲೇಬೇಕು, ಕಾರಣ ಮೆಣಸಿನಕಾಯಿಯೇ ಎಂದು ನಿಮಗೆ ಖಾತ್ರಿ ಇದ್ದರೂ ಸಹ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ನಾಳೆಯೇ ಹೋಗಿರಿ. ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯೂ, ರೋಗವಿದೆಯೆಂದಾದರೆ ಔಷಧಿಯೂ ಉಚಿತ. ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರಿನವರೆಗೆ ಅದು 500 ರೂಪಾಯಿ ಇತ್ತು. ಕ್ಷಯವಿರುವವರು ಕಷಾಯ ಕುಡಿಯುತ್ತ ತಿಂಗಳುಗಳನ್ನು ಕಳೆದರೆ ಮನೆಯ ಮಕ್ಕಳಿಗೂ ಅದು ಅಂಟುತ್ತದೆ. ಕಷಾಯವು ಕೆಡುಕು ಮಾಡುವುದು ಬಹುಪಾಲು ಹೀಗೆಯೇ: ತನ್ನ ಗುಣದಿಂದ ಅಲ್ಲ, ತಡಮಾಡಿಸುವುದರಿಂದ.

ಪ್ರಶ್ನೆ: ನನಗೆ ಬಹಳ ವರ್ಷಗಳಿಂದ ದಮ್ಮು ಇದೆ. ಇನ್ಹೇಲರ್ ರೂಢಿಯಾದರೆ ಬಿಡಲಾಗದು ಎಂದು ನೆರೆಯವರು ಹೇಳಿದ್ದರಿಂದ ಅದನ್ನು ನಿಲ್ಲಿಸಿ ಮೂಲಿಕೆ ಚಹಾ ಕುಡಿಯುತ್ತಿದ್ದೇನೆ. ಸದ್ಯಕ್ಕೆ ಚೆನ್ನಾಗಿದ್ದೇನೆ. ಮುಂದುವರಿಸಬಹುದೇ?
— ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಚಹಾ ಮುಂದುವರಿಯಲಿ, ಇನ್ಹೇಲರ್ ಇಂದೇ ಮರಳಿ ಬರಲಿ. ದಮ್ಮಿನ ಮೂಲ ಶ್ವಾಸನಾಳದ ಒಳಪದರಿನ ಉರಿಯೂತ. ತಡೆಗಾಗಿ ದಿನಾಲೂ ಬಳಸುವ ಇನ್ಹೇಲರಿನಲ್ಲಿರುವ ಸ್ಟಿರಾಯ್ಡ್ ಆ ಉರಿಯೂತವನ್ನು ಅಡಗಿಸಿಡುತ್ತದೆ. ನಿಲ್ಲಿಸಿದ ಮೇಲೆ ಕೆಲವು ದಿನ ಅಥವಾ ವಾರ ಅದರ ಫಲ ಉಳಿದಿರುತ್ತದೆ. ನೀವು ಈಗ ಚೆನ್ನಾಗಿರುವುದು ಬಹುಶಃ ಆ ಉಳಿಕೆಯಿಂದ. ಇನ್ಹೇಲರ್ ಔಷಧಿಯ ಅಳತೆ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ ಮತ್ತು ನೇರವಾಗಿ ಶ್ವಾಸನಾಳಕ್ಕೇ ಹೋಗುತ್ತದೆ. ಚಟ ಹತ್ತಿಸುವ ಗುಣ ಅದಕ್ಕಿಲ್ಲ. ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣು, ದನಿ ಒಡೆಯುವ ತೊಂದರೆಗಳೂ ಕಡಿಮೆ. ಹುಬ್ಬಳ್ಳಿಯ ಚಳಿಗಾಲದ ಬೆಳಗು ಮತ್ತು ರಸ್ತೆಯ ದೂಳು ಎರಡೂ ದಮ್ಮನ್ನು ಕೆಣಕುತ್ತವೆ. ಮಾತನಾಡುವಾಗ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಂಥ ಸ್ಥಿತಿ ಬಂದರೆ, ವೈದ್ಯರು ಕೊಟ್ಟ ತುರ್ತು ಇನ್ಹೇಲರನ್ನು ಎಳೆದುಕೊಂಡು ನೇರ ಆಸ್ಪತ್ರೆಗೆ ಹೊರಡಬೇಕು. ಆ ಗಳಿಗೆಯಲ್ಲಿ ಒಲೆಯ ಮೇಲೆ ನೀರಿಡುತ್ತ ಕೂರಬಾರದು.

ಪ್ರಶ್ನೆ: ಕಪ್ಪತಗುಡ್ಡದಲ್ಲಿ ಒಳ್ಳೆಯ ಔಷಧಿ ಗಿಡಗಳಿವೆ ಎನ್ನುತ್ತಾರೆ. ಕೆಮ್ಮಿನ ಕಷಾಯಕ್ಕೆ ಆಡುಸೋಗೆಯನ್ನು ಅಲ್ಲಿಂದ ತರಬಹುದೇ?
— ಓದುಗರು, ಗದಗ

ಉತ್ತರ: ಬೇಡ. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಗಿಡ ಕಿತ್ತು ತರುವುದು ಕಾನೂನಿಗೆ ವಿರುದ್ಧ. ಗುಡ್ಡ ಉಳಿಯಬೇಕೆಂದು ಗದಗಿನ ಜನ ಹೋರಾಡಿ ಪಡೆದ ರಕ್ಷಣೆಯನ್ನು ನಾವೇ ಮುರಿಯಬಾರದು. ಆಡುಸೋಗೆಗಂತೂ ಗುಡ್ಡ ಹತ್ತುವ ಅಗತ್ಯವೇ ಇಲ್ಲ. ಬಲಿತ ಟೊಂಗೆಯ ಒಂದು ಗೇಣಿನ ತುಂಡನ್ನು ಮಳೆಗಾಲದ ಆರಂಭದಲ್ಲಿ ಹಿತ್ತಿಲಿನಲ್ಲಿ ಊರಿದರೆ ಚಿಗುರುತ್ತದೆ. ಎಲೆ ಕಹಿಯಾದ್ದರಿಂದ ದನಕರುಗಳು ಅದರ ತಂಟೆಗೆ ಬರುವುದಿಲ್ಲ, ಬೇಲಿಗೂ ಆಗುತ್ತದೆ. ಗಿಡದ ಗುರುತು ಖಚಿತವಾಗಿ ಗೊತ್ತಿಲ್ಲದಿದ್ದರೆ ಗದಗಿನಲ್ಲಿಯೇ ಇರುವ ಆಯುರ್ವೇದ ಕಾಲೇಜಿಗೆ ಎಲೆ, ಹೂವಿರುವ ಒಂದು ರೆಂಬೆಯನ್ನು ಒಯ್ದು ತೋರಿಸಿ ಕೇಳಿರಿ. ಎಷ್ಟು ಎಲೆ, ಎಷ್ಟು ದಿನ ಎಂಬುದನ್ನೂ ಅಲ್ಲಿನ ವೈದ್ಯರಿಂದಲೇ ಕೇಳಿಕೊಂಡು ಬಳಸಿರಿ, ಏಕೆಂದರೆ ಹೆಚ್ಚಾದರೆ ಅದು ವಾಂತಿ ತರಿಸುತ್ತದೆ.